ಮಕ್ಕಳನ್ನು ಕರೆತರಬೇಡಿ

ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅದರಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಬಹಳ ಕಾಲ ಇದ್ದರೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಅಂಗಡಿಯ ಬೋರ್ಡು, ಔಷಧಿಯ ಡಬ್ಬಿ, ಲಾರಿಯ ಹಿಂದಿನ ಬರಹ, ಯಾವುದನ್ನೂ ಸುಮ್ಮನೆ ಓದಲು ಬರುವುದಿಲ್ಲ. ನನಗೆ ಸ್ವರ್ಗದ ಬಾಗಿಲಿಗೆ ಹೋದರೂ ಬಾಗಿಲು ಕಾಣುವುದಿಲ್ಲ, ಅದರ ಮೇಲೆ ಬಿಟ್ಟುಹೋದ ಒತ್ತಕ್ಷರ ಕಾಣುತ್ತದೆ ಎಂದು ನಾವು ಮೂವರು ಅಕ್ಕತಂಗಿಯರಲ್ಲಿ ನಡುವಿನವಳಾದ ಅಕ್ಕ ಹೇಳುತ್ತಾಳೆ. ಹೊಗಳಿಕೆ ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೇನೆ.

ಆ ನಡುವಿನ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಮದುವೆ ಊರಲ್ಲಿ ಅಲ್ಲ. ದ್ರಾಕ್ಷಿ ಬೆಳೆದು ವೈನ್ ಮಾಡುವ ಗುಡ್ಡಗಳ ಕಡೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹುಡುಗ ಹುಡುಗಿ ಇಬ್ಬರೂ ಒಮ್ಮೆ ಅಲ್ಲಿಗೆ ಹೋಗಿ, ಇಳಿಜಾರಿನ ತುಂಬ ಸಾಲು ಹಿಡಿದು ನಿಂತ ಬಳ್ಳಿಗಳನ್ನು ನೋಡಿ, ಮದುವೆ ಎಂದು ಆದರೆ ಇಲ್ಲೇ ಎಂದು ತೀರ್ಮಾನಿಸಿಬಿಟ್ಟಿದ್ದರಂತೆ. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಕೇಳಿದ್ದು ಬೇರೆ. ಬರುವವರಿಗೆಂದು ಅವರು ಇಂಗ್ಲಿಷಿನಲ್ಲಿ ಒಂದು ಮಾಹಿತಿ ಪತ್ರ ಮಾಡಿ ಎಲ್ಲರ ಫೋನಿಗೂ ಕಳಿಸಿದ್ದರು. ಹೇಗೆ ಬರಬೇಕು, ಎಲ್ಲಿ ಉಳಿಯಬೇಕು, ಏನು ಉಡಬೇಕು, ಎಲ್ಲ ಅದರಲ್ಲಿತ್ತು. ನಮ್ಮ ಕಡೆಯ ಹಿರಿಯರು ಅದನ್ನು ತೆರೆದು, ಹೂವಿನ ಚಿತ್ರ ನೋಡಿ, ಮುಚ್ಚಿಟ್ಟರು.

"ಚಿಕ್ಕಮ್ಮ, ನೀವೇ ಕನ್ನಡದಲ್ಲಿ ಬರ್ಕೊಡಿ. ಉದ್ದ ಬೇಡ. ಓದಿದ ತಕ್ಷಣ ಅರ್ಥ ಆಗ್ಬೇಕು," ಎಂದಳು ಹುಡುಗಿ.

ಓದಿದ ತಕ್ಷಣ ಅರ್ಥವಾಗುವಂತೆ ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬವಿದೆ. ಕೂತು ಬರೆದೆ. ಕೂರುವುದು ಹುಲ್ಲಿನ ಮೇಲೆ, ಆದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿ ಹಾಕಬೇಡಿ, ಹೂತುಹೋಗುತ್ತದೆ. ಸಂಜೆ ಗಾಳಿ ತಣ್ಣಗಿರುತ್ತದೆ, ಶಾಲು ತನ್ನಿ. ನೆಲಮಾಳಿಗೆಯಲ್ಲಿ ವೈನಿನ ಪೀಪಾಯಿಗಳಿವೆ. ನೋಡಲು ಇಳಿಯುವವರು ಮೆಟ್ಟಿಲ ಮೇಲೆ ಜೋಪಾನ. ಕುಡಿಯದವರಿಗೆ ಬರೀ ದ್ರಾಕ್ಷಿ ರಸ ಇರುತ್ತದೆ, ಗಾಬರಿಯಾಗಬೇಡಿ. ಬರುತ್ತೀರೋ ಇಲ್ಲವೋ ಖಚಿತವಾಗಿ ತಿಳಿಸಿ.

ಈ ಕೊನೆಯ ಮಾತಿಗೆ ಬಂದ ಉತ್ತರಗಳನ್ನು ಇಟ್ಟುಕೊಂಡು ಹುಡುಗಿ ತಲೆ ಚಚ್ಚಿಕೊಂಡಳು. ಒಬ್ಬರು "ನೋಡೋಣ" ಎಂದಿದ್ದರು, ಇನ್ನೊಬ್ಬರು "ದೇವರು ಕರೆಸ್ಕೊಂಡ್ರೆ ಬರೋಣ". ಅಡ್ಡಗೋಡೆಯ ಮೇಲೆ ದೀಪ ಇಡುವುದು ನಮ್ಮವರಿಗೆ ಹುಟ್ಟುಗುಣ. "ನೋಡೋಣ" ಅಂದರೆ ಬರುವುದಿಲ್ಲ, "ಬರೋಣ" ಅಂದರೆ ನಾಲ್ಕು ಜನ ಜಾಸ್ತಿ ಬರುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಯಿತು.

ಇಂಗ್ಲಿಷಿನಲ್ಲಿ ಇನ್ನೊಂದು ಉದ್ದನೆಯ ಪ್ಯಾರಾ ಇತ್ತು. ನಿಮ್ಮ ಪುಟಾಣಿಗಳೆಂದರೆ ನಮಗೆ ಪ್ರಾಣ, ಆದರೂ ಈ ಒಂದು ದಿನ ನೀವು ನಿಶ್ಚಿಂತೆಯಿಂದ ಇರಬೇಕೆಂಬುದು ನಮ್ಮ ಆಸೆ, ಮೇಲಾಗಿ ಹದಿನೆಂಟು ತುಂಬದವರನ್ನು ತೋಟದ ಮಾಲೀಕರು ಒಳಗೆ ಬಿಡುವುದಿಲ್ಲ, ಇತ್ಯಾದಿ ಇತ್ಯಾದಿ. ಬೆಣ್ಣೆಯೇ ಜಾಸ್ತಿ, ರೊಟ್ಟಿ ಒಂದು ಚೂರು. ನಾನು ಬೆಣ್ಣೆ ಕೆರೆದು ಹಾಕಿ ಎರಡೇ ಪದ ಉಳಿಸಿದೆ. ಮಕ್ಕಳನ್ನು ಕರೆತರಬೇಡಿ. ಎರಡು ಸಲ ಓದಿದೆ. ಕಾಗುಣಿತ ಸರಿಯಿತ್ತು.

ಮೊದಲು ಫೋನು ಮಾಡಿದವನು ನಮ್ಮ ಸೋದರಮಾವ. ಕೈಯಲ್ಲಿ ಕೋಲು, ಕಿವಿಯಲ್ಲಿ ಯಂತ್ರ, ಬಾಯಿ ಮಾತ್ರ ಇನ್ನೂ ಹರೆಯದ್ದು.

"ಏನಮ್ಮಾ, ಮಕ್ಕಳನ್ನ ಕರ್ಕೊಂಡು ಬರ್ಬೇಡಿ ಅಂತ ಬರ್ದಿದೀಯಂತೆ. ನನ್ನ ಮಗ ಬರದೇ ಇದ್ರೆ ಕಾರು ಯಾರು ಓಡಿಸ್ತಾರೆ, ನಿಮ್ಮಪ್ಪನಾ?"

"ಮಾವ, ಅದು ಸಣ್ಣ ಮಕ್ಕಳಿಗೆ ಹೇಳಿದ್ದು. ನಿಮ್ಮ ಮಗನಿಗೆ ಐವತ್ತಾಯ್ತು."

"ಐವತ್ತಾದ್ರೆ ಮಗ ಅಲ್ವಾ?"

ನಕ್ಕು ಫೋನಿಟ್ಟೆ. ಮಗ, ಮಗಳು, ಮಗು, ಮೂವರೂ ಗುಂಪಾಗಿ ನಿಂತರೆ ನಮ್ಮ ಭಾಷೆಯಲ್ಲಿ ಮಕ್ಕಳೇ. ಎದೆಹಾಲು ಕುಡಿಯುವುದೂ ಮಕ್ಕಳು, ಪಿಂಚಣಿ ತೆಗೆದುಕೊಳ್ಳುವವರೂ ಮಕ್ಕಳು. ಇಂಗ್ಲಿಷಿನಲ್ಲಿ ಪುಟಾಣಿ ಎಂದು ಬೆಣ್ಣೆ ಹಚ್ಚಿದ್ದರಲ್ಲಿ ಒಂದು ಅರ್ಥವಿತ್ತು ಎಂದು ಆಗ ಹೊಳೆಯಿತು. ಹೊಳೆದರೂ ನನಗೆ ಅದು ತಮಾಷೆಯಾಗಿಯೇ ಕಂಡಿತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಗಿಸಿದೆ.

ದೊಡ್ಡಕ್ಕನಿಂದ ಉತ್ತರವೇ ಬಂದಿರಲಿಲ್ಲ. ಅವಳು ಬರುವುದರಲ್ಲಿ ಕೇಳುವುದೇನಿದೆ ಎಂದು ನಾವೂ ಸುಮ್ಮನಿದ್ದೆವು. ಈ ಹುಡುಗಿ ಬೆಳೆದದ್ದೇ ದೊಡ್ಡಕ್ಕನ ಮಡಿಲಲ್ಲಿ. ನಡುವಿನವಳು ಆಗ ಆಸ್ಪತ್ರೆಯಲ್ಲಿ ನರ್ಸು, ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ಮನೆಯಲ್ಲಿ ಬಿಟ್ಟು ಓಡುತ್ತಿದ್ದಳು. ಬಸ್ಸಿನಲ್ಲಿ ಎಷ್ಟು ಸೀಟು ಹಿಡಿಯಬೇಕು ಎಂದು ಕೇಳಲು ಒಂದು ಮಧ್ಯಾಹ್ನ ನಾನೇ ದೊಡ್ಡಕ್ಕನಿಗೆ ಫೋನು ಮಾಡಿದೆ.

"ನಮಗೆ ಸೀಟು ಬೇಡ ಕಣೆ. ಬರೋಕಾಗಲ್ಲ," ಎಂದಳು.

"ಯಾಕಕ್ಕ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಯಾಕೆ ಅಂತ ನೀನೇ ಬರ್ದಿದೀಯಲ್ಲ."

ನನಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಲಿಲ್ಲ. ಹಿಂದುಗಡೆ ಕುಕ್ಕರು ಕೂಗಿ ನಿಂತಿತು, ಅವಳು ಒಲೆ ಆರಿಸಿದ್ದು ಕೇಳಿಸಿತು. ಆಮೇಲೆ ತಿಳಿಯಿತು.

ದೊಡ್ಡಕ್ಕನಿಗೆ ಒಬ್ಬನೇ ಮಗ. ಅವನಿಗೆ ನಲವತ್ತು ದಾಟಿದೆ, ಗಡ್ಡದಲ್ಲಿ ಬೆಳ್ಳಿ ಕೂದಲಿದೆ. ಹುಟ್ಟುವಾಗ ಉಸಿರು ಬರಲು ತಡವಾಗಿ, ಆಮೇಲೆ ಎಲ್ಲವೂ ಅವನಿಗೆ ತಡವಾಗಿಯೇ ಬಂದವು, ಮಾತೂ ನಡಿಗೆಯೂ. ಓದು ಬರಲೇ ಇಲ್ಲ. ಅವನಪ್ಪ ಬೇಗ ತೀರಿಕೊಂಡರು. ಈಗ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬಟ್ಟೆ ಮಡಿಚುವ ಕೆಲಸ. ತಾನೇ ಬಸ್ಸು ಹತ್ತುತ್ತಾನೆ, ತಾನೇ ಇಳಿಯುತ್ತಾನೆ. ನಮ್ಮ ಇಡೀ ಬಳಗದಲ್ಲಿ ಎಲ್ಲರೂ ಅವನನ್ನು ಕರೆಯುವುದು ಒಂದೇ ಹೆಸರಿನಿಂದ. ಮಗು.

"ಅಕ್ಕ, ಅದು ಚಿಕ್ಕ ಮಕ್ಕಳಿಗೆ ಬರ್ದಿದ್ದು," ಎಂದೆ.

"ಚಿಕ್ಕ ಅಂತ ಎಲ್ಲಿ ಬರ್ದಿದೀಯ? ನಾನೂ ಕನ್ನಡಕ ಹಾಕ್ಕೊಂಡೇ ಓದಿದ್ದು. ನಮ್ಮ ಪೈಕಿ ಮಗು ಅಂದ್ರೆ ಯಾರು ಅಂತ ಬೀದಿ ನಾಯೀನ ಕೇಳಿದ್ರೂ ನಮ್ಮನೆ ಬಾಗಿಲು ತೋರ್ಸತ್ತೆ."

"ನಾನು ಅಷ್ಟೆಲ್ಲ ಯೋಚನೆ ಮಾಡ್ಲಿಲ್ಲ ಅಕ್ಕ."

"ನೀನು ಮಾಡಿಲ್ಲ ಅಂತ ಗೊತ್ತು. ಬರ್ದೋಳ ಮೇಲೆ ನಂಗೆ ಕೋಪ ಇಲ್ಲ, ಬರ್ಸಿದೋರು ಯಾರು ಅಂತ ಯೋಚನೆ ಮಾಡ್ತಿದೀನಿ." ಸ್ವಲ್ಪ ತಡೆದು, "ಅವಳಿಗೆ ಮೊದಲ ಹೆಜ್ಜೆ ಇಡ್ಸಿದ್ದು ನಾನು. ಅವಳ ಮದುವೆ ನೋಡ್ಬೇಕು ಅಂತ ನಂಗೆ ಆಸೆ ಇಲ್ವಾ? ಆದ್ರೆ ಮಗು ಬೇಡ ಅನ್ನೋ ಮನೆಗೆ ತಾಯಿ ಹೆಂಗೆ ಬರ್ತಾಳೆ, ಹೇಳು," ಎಂದು ಫೋನಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ತಿದ್ದುವುದು ನನ್ನ ಕಸುಬು. ಆಗಲೇ ಕೂತು ಆ ಸಾಲನ್ನು ತೆಗೆದು, ಹದಿನೆಂಟು ವರ್ಷ ತುಂಬದವರಿಗೆ ತೋಟದವರು ಪ್ರವೇಶ ಕೊಡುವುದಿಲ್ಲ ಎಂದು ಹಾಕಿ, ಕಳಿಸುವ ಮುಂಚೆ ತೋರಿಸೋಣ ಎಂದು ನಡುವಿನವಳ ಮನೆಗೆ ಹೋದೆ.

ಅವಳು ಊಟದ ಮೇಜಿನ ತುಂಬ ಬಟ್ಟೆಚೀಲ ಹರಡಿಕೊಂಡು ಕೂತಿದ್ದಳು. ಬರುವ ಅತಿಥಿಗಳ ಕೋಣೆಯಲ್ಲಿಡಲು ಚೀಲಕ್ಕೊಂದು ನೀರಿನ ಬಾಟಲಿ, ಟೋಪಿ, ಕಾಲು ಉಜ್ಜಿದರೆ ಅಂಟಿಸಿಕೊಳ್ಳಲು ಪಟ್ಟಿ, ತೋಟದ ನಕ್ಷೆ. ನಾನು ನಡೆದದ್ದೆಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ, "ಹಾಗೇ ಇರ್ಲಿ ಬಿಡು," ಎಂದಳು.

"ಏನು ಹಾಗೇ ಇರ್ಲಿ?"

"ನೀನು ಬರ್ದಿದ್ದು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. ನೀನು ಮನುಷ್ಯಳಾ ಎಂದು ಕೇಳಿಯೇಬಿಟ್ಟೆ. ಅವಳು ಚೀಲವನ್ನು ಕೆಳಗಿಟ್ಟಳು.

"ಹೋದ ಸಲ ಚಿಕ್ಕಪ್ಪನ ಮೊಮ್ಮಗಳ ಮದುವೇಲಿ ಏನಾಯ್ತು, ನೀನೂ ಇದ್ದೆಯಲ್ಲ. ಹಾಡು ಜೋರಾಯ್ತು ಅಂತ ಮಗು ಕಿವಿ ಮುಚ್ಕೊಂಡು ಮೇಜಿನ ಕೆಳಗೆ ಕೂತ್ಕೊಂಡ್ಬಿಡ್ತು. ಜನ ಬಗ್ಗಿ ಬಗ್ಗಿ ಫೋನಲ್ಲಿ ಚಿತ್ರ ತೆಗೆದ್ರು. ಅಕ್ಕನೂ ಅದರ ಜೊತೆ ಕೆಳಗೇ ಕೂತಿದ್ಳು, ಛತ್ರ ಖಾಲಿ ಆಗೋವರೆಗೂ. ಅವತ್ತು ಅಕ್ಕನ ಮುಖ ನೋಡಿ ನಾನು ಮನೆಗೆ ಬಂದು ಅತ್ತಿದೀನಿ. ನಾನೇನು ಕಲ್ಲಾ?"

"ಅದಕ್ಕೆ ಬರ್ಲೇಬಾರ್ದಾ?"

"ಬರ್ಬೇಡ ಅಂತ ಹೇಳೋ ಧೈರ್ಯ ನಂಗಿರ್ಲಿಲ್ಲ. ಬಾ ಅಂತ ಹೇಳೋಕೂ ಮನಸ್ಸು ಬರ್ಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡ ಹಾಗೆ ಇದ್ದೆ. ನಿನ್ನ ತಪ್ಪೇ ನಂಗೆ ದಾರಿ ತೋರಿಸ್ತು. ಹಾವೂ ಸತ್ತಿತು, ಕೋಲೂ ಮುರೀಲಿಲ್ಲ."

ಕೋಲು ಮುರಿದಿದೆ ಎಂದು ಹೇಳಬೇಕೆಂದಿದ್ದೆ. ಆದರೆ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಮದುವಣಗಿತ್ತಿ ಯಾವಾಗಲೋ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಬೈಕಿನ ಹೆಲ್ಮೆಟ್ಟು ಹಾಗೇ ಇತ್ತು. ನಮ್ಮಿಬ್ಬರ ಮುಖವನ್ನೂ ನೋಡಿ ಒಂದೇ ಮಾತು ಕೇಳಿದಳು.

"ಅಣ್ಣನ್ನ ಯಾರಾದ್ರೂ ಕೇಳಿದ್ರಾ?"

ಇಡೀ ಬಳಗದಲ್ಲಿ ಅವನನ್ನು ಅಣ್ಣ ಎನ್ನುವವಳು ಅವಳೊಬ್ಬಳೇ. ಅವನ ಬೆರಳು ಹಿಡಿದು ಓಡಾಡಿದವಳು, ಅವಳಿಗೆ ಅವನು ದೊಡ್ಡವನೇ.

"ಅದನ್ನ ಏನು ಅಂತ ಕೇಳೋದು?" ಎಂದಳು ಅವಳಮ್ಮ.

"ಬರ್ತೀಯಾ ಅಂತ," ಎಂದು ಹುಡುಗಿ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡಳು. "ಚಿಕ್ಕಮ್ಮ, ಹಿಂದೆ ಕೂತ್ಕೊಳ್ಳಿ. ಹೋಗೋಣ."

ಹೋಟೆಲಿನ ಮುಂಬಾಗಿಲನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಲಾಂಡ್ರಿ ಇರುವುದು ಹಿಂದೆ, ಕಸದ ಡಬ್ಬಿಗಳನ್ನೂ ಗ್ಯಾಸಿನ ಸಿಲಿಂಡರುಗಳನ್ನೂ ದಾಟಿ ಇಳಿದರೆ ಸಿಗುವ ತಗ್ಗಿನ ಕೋಣೆಯಲ್ಲಿ. ಬಾಗಿಲಲ್ಲೇ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಸೋಪಿನ ವಾಸನೆ, ಸುಟ್ಟ ಹತ್ತಿಯ ವಾಸನೆ. ದೊಡ್ಡ ಡ್ರಮ್ಮುಗಳು ಗುಡುಗುಡು ತಿರುಗುತ್ತಿದ್ದವು. ಇಬ್ಬರು ಹೆಂಗಸರು ಬಿಳಿ ಹೊದಿಕೆಯ ಒಂದು ತುದಿಯನ್ನು ಇಸ್ತ್ರಿಯ ಉರುಳೆಗೆ ಕೊಡುತ್ತಿದ್ದರು, ಆ ಕಡೆ ಅದು ಹಪ್ಪಳದಂತೆ ಗರಿಗರಿಯಾಗಿ ಹೊರಗೆ ಬರುತ್ತಿತ್ತು.

ಬಾಗಿಲಲ್ಲಿ ಲೆಕ್ಕ ನೋಡಿಕೊಳ್ಳುವವನನ್ನು ಹುಡುಗಿ ಅಣ್ಣನ ಹೆಸರು ಹೇಳಿ ಕೇಳಿದಳು.

"ಯಾರು, ಮೇಷ್ಟ್ರಾ? ಒಳಗಿದಾರೆ. ಹೊಸಬ್ರಿಗೆ ಪಾಠ ಮಾಡ್ತಿದಾರೆ. ಕೂತ್ಕೊಳ್ಳಿ, ಮುಗಿಸ್ಕೊಂಡು ಬರ್ತಾರೆ."

ನಾನು ನಿಂತಲ್ಲೇ ನಿಂತೆ. ಮಗು ಎಂಬ ಪದಕ್ಕೆ ಕನ್ನಡದಲ್ಲಿ ಅವನೂ ಇಲ್ಲ ಅವಳೂ ಇಲ್ಲ. ಮಗು ಬಂತು, ಮಗು ತಿಂತು, ಮಗು ಅತ್ತಿತು. ಹಸು ಬಂತು, ಬಸ್ಸು ಬಂತು, ಹಾಗೆಯೇ. ಗಡ್ಡ ನರೆತ ಒಬ್ಬ ಗಂಡಸಿಗೆ ನಾವು ಇಷ್ಟು ವರ್ಷ ಪ್ರೀತಿಯಿಂದ ಅದು ಎನ್ನುತ್ತ ಬಂದಿದ್ದೇವೆ. ಪುಸ್ತಕದಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪಿದರೆ ಕೆಂಪು ಶಾಯಿಯಲ್ಲಿ ಕೂಗಾಡುವ ನನಗೆ ಮನೆಯೊಳಗಿನ ಈ ವ್ಯಾಕರಣ ಒಂದು ದಿನವೂ ಚುಚ್ಚಿರಲಿಲ್ಲ. ಇಲ್ಲಿ ಈ ಹಬೆಯ ಗೂಡಿನಲ್ಲಿ ಅವನಿಗೆ ಇದ್ದಾರೆ, ಬರುತ್ತಾರೆ ಎನ್ನುತ್ತಾರೆ. ನನಗೆ ನಾಚಿಕೆಯಾಯಿತು.

ಒಳಗೆ ಮೇಜಿನ ಹತ್ತಿರ ಅವನು ನನ್ನ ವಯಸ್ಸಿನ ಹೆಂಗಸೊಬ್ಬಳಿಗೆ ಹಾಸಿಗೆಯ ಮೇಲು ಹೊದಿಕೆಯನ್ನು ಮಡಿಚುವುದು ಹೇಗೆ ಎಂದು ತೋರಿಸುತ್ತಿದ್ದ, ಸುತ್ತ ರಬ್ಬರು ಹೊಲಿದಿರುತ್ತದಲ್ಲ, ಆ ಥರದ್ದು. ಮೂಲೆಯೊಳಗೆ ಮೂಲೆ ಸಿಕ್ಕಿಸಿ, ಕೊಡವಿ, ನಿಧಾನವಾಗಿ. ಅವಳು ತಪ್ಪು ಮಾಡಿದಳು. ಅವನು ಏನೂ ಹೇಳದೆ ಬಿಚ್ಚಿ ಮತ್ತೆ ಅವಳ ಕೈಗೆ ಕೊಟ್ಟ. ಮುಗಿದ ಮೇಲೆ ಕೈ ಒರೆಸಿಕೊಂಡು ನಮ್ಮ ಹತ್ತಿರ ಬಂದು, ಕೂರಲು ಎರಡು ಪ್ಲಾಸ್ಟಿಕ್ ಕ್ರೇಟು ಮಗುಚಿ ಹಾಕಿದ.

ಹುಡುಗಿ ಫೋನಿನಲ್ಲಿ ತೋಟದ ಚಿತ್ರ ತೋರಿಸಿದಳು. "ಅಣ್ಣ, ನನ್ನ ಮದುವೆ ಇಲ್ಲಿ. ನೀನು ಬರ್ತೀಯಾ?"

ಅವನು ಚಿತ್ರ ನೋಡುತ್ತ ಕೂತ. ಯಾವ ಪ್ರಶ್ನೆ ಕೇಳಿದರೂ ಅವನಿಗೆ ಹೊತ್ತು ಬೇಕು. ಮನೆಯಲ್ಲಾದರೆ ಆ ಹೊತ್ತಿನೊಳಗೆ ಅಕ್ಕ ಉತ್ತರ ಹೇಳಿಬಿಟ್ಟಿರುತ್ತಾಳೆ; ಮಗುಗೆ ಬೇಡ, ಮಗುಗೆ ಹಸಿವಿಲ್ಲ, ಮಗು ಬರತ್ತೆ. ಅಕ್ಕ ಇಲ್ಲದಿದ್ದರೆ ನಾವು ಯಾರಾದರೂ ಹೇಳುತ್ತೇವೆ. ನನ್ನ ನಾಲಿಗೆಯ ತುದಿಗೂ ಆಗಲೇ ಬಂದಿತ್ತು, ಬರ್ತಾನೆ ಬಿಡು ಎಂದು. ಹುಡುಗಿ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಹಿಂದೆ ಒಂದು ಡ್ರಮ್ಮು ನಿಂತು, ಇನ್ನೊಂದು ಶುರುವಾಯಿತು.

"ಇಲ್ಲ," ಎಂದ.

ಅವಳ ಮುಖ ಸಣ್ಣದಾಯಿತು. ಆದರೂ, "ಯಾಕಣ್ಣ?" ಎಂದು ಕೇಳಿ ಮತ್ತೆ ಕಾದಳು.

"ಎಲ್ರೂ ಕೆನ್ನೆ ಹಿಂಡ್ತಾರೆ." ಗಡ್ಡ ಮುಟ್ಟಿಕೊಂಡ. "ಹಾಡು ಜೋರು. ಅಮ್ಮ ನನ್ನ ಜೊತೆ ಕೂತ್ಕೋತಾಳೆ. ಊಟ ಮಾಡಲ್ಲ." ಇನ್ನೂ ಏನೋ ಇತ್ತು, ಅದು ಮೇಲೆ ಬರುವವರೆಗೆ ನಾವಿಬ್ಬರೂ ಸುಮ್ಮನಿದ್ದೆವು. "ಅಮ್ಮ ಹೋಗ್ಲಿ. ಅಮ್ಮಂಗೆ ಮದುವೆ ಇಷ್ಟ."

ಅದೇ ಮೇಜಿನ ಕೆಳಗಿನ ಕಥೆ. ನಾವೆಲ್ಲ ಮೇಲಿನಿಂದ ಬಗ್ಗಿ ನೋಡಿದ್ದೆವು. ಅವನು ಕಿವಿ ಮುಚ್ಚಿಕೊಂಡು ಅಮ್ಮನನ್ನು ನೋಡುತ್ತ ಕೂತಿದ್ದ. ಹುಡುಗಿ ಅಳಲು ಶುರುಮಾಡಿದಳು. ಅವನು ಎದ್ದು ಹೋಗಿ ಮಡಿಚಿಟ್ಟಿದ್ದರಲ್ಲಿ ಒಂದು ಟವೆಲು ತಂದು ಅವಳಿಗೆ ಕೊಟ್ಟ.

"ಒಗ್ದಿದ್ದು," ಎಂದ.

ಅವಳು ಅದರಲ್ಲೇ ಮೂಗೊರೆಸಿಕೊಂಡು ನಕ್ಕಳು. "ಮದುವೆ ಆದ್ಮೇಲೆ ನಾವಿಬ್ರೂ ನಿನ್ನ ನೋಡೋಕೆ ಬರ್ತೀವಿ. ಆಗ್ಬಹುದಾ?"

"ಬುಧವಾರ ಬೇಡ," ಎಂದ, ಯೋಚಿಸಿ. "ಬುಧವಾರ ಪರದೆ ಬರತ್ತೆ."

ಅಲ್ಲಿಂದ ನಾನು ಸೀದಾ ದೊಡ್ಡಕ್ಕನ ಮನೆಗೆ ಹೋದೆ. ಹುಡುಗಿಗೆ ನೀನು ಬರಬೇಡ ಎಂದೆ, ಇದು ನಾನು ಹಚ್ಚಿದ ಬೆಂಕಿ. ಅಕ್ಕ ಬಾಗಿಲು ತೆರೆದವಳು ಕೂತ್ಕೋ ಎನ್ನಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ನಾನು ತಿದ್ದಿದ ಸಾಲನ್ನು ಓದಿ ಹೇಳಿದೆ, ತಪ್ಪು ನನ್ನದು ಎಂದೆ. ಅವಳ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಲಾಂಡ್ರಿಯ ವಿಷಯ ಹೇಳಿದೆ. ಅಷ್ಟಕ್ಕೆ ಉರಿದು ಬಿದ್ದಳು.

"ನೀವು ಯಾರು ಅದನ್ನ ಕೇಳೋಕೆ? ಅದಕ್ಕೇನು ಗೊತ್ತಾಗತ್ತೆ? ನಿಮಗೆ ಬೇಡ ಅಂತ ಅದರ ಬಾಯಿಂದ ಹೊರಡ್ಸಿದೀರ. ಚೆನ್ನಾಗಿದೆ ನಿಮ್ಮ ಜಾಣತನ."

"ಬಂದ್ಮೇಲೆ ನೀನೇ ಕೇಳು," ಎಂದೆ.

"ಕೇಳ್ತೀನಿ. ಕೇಳ್ದೇ ಬಿಡ್ತೀನಾ?"

ಅವನು ಬರುವವರೆಗೆ ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬೀಗದಲ್ಲಿ ಕೀಲಿ ತಿರುಗಿತು. ಅವನು ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದ.

"ಮಗು, ಮದುವೆಗೆ ಬರಲ್ಲ ಅಂದ್ಯಂತೆ. ಇವರು ಹೇಳ್ಕೊಟ್ರಾ?" ಎಂದವಳು ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿ, "ನೋಡು, ಮಾತಾಡಲ್ಲ. ಅದಕ್ಕೇನೂ..." ಎಂದಳು.

"ತಡಿ ಅಕ್ಕ. ಹೇಳ್ಲಿ."

ಅಕ್ಕನಿಗೆ ಕಾಯುವುದು ಎಷ್ಟು ಕಷ್ಟ ಎಂದು ನಾನು ಅವತ್ತು ನೋಡಿದೆ. ಅವಳ ತುಟಿ ಅವನ ಬದಲು ಅಲುಗುತ್ತಿತ್ತು. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಹೇಗೋ ತಡೆದುಕೊಂಡಳು.

"ನಾನೇ ಹೇಳ್ದೆ," ಎಂದ ಅವನು.

"ನಾನೊಬ್ಳೇ ಹೋದ್ರೆ ನಿನ್ನ ಊಟ?"

"ಅನ್ನ ಮಾಡ್ತೀನಿ. ಮೊಟ್ಟೆ."

"ರಾತ್ರಿ ಒಬ್ನೇ ಇರ್ಬೇಕಲ್ಲ. ಹೆದರ್ಕೊಳಲ್ವಾ?"

ಅವನು ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಬೇಜಾರಿನಿಂದ ಅಲ್ಲ, ಹೊದಿಕೆಯ ಮೂಲೆ ಎಲ್ಲಿದೆ ಎಂದು ಹುಡುಕುವವನ ಹಾಗೆ.

"ನೀನು ಹೆದರ್ಕೋತೀಯ," ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವಳು ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಯಾರು ಎಲ್ಲಿಗೆ ಕರೆದ್ರೂ, ಮಗೂನ ಬಿಟ್ಟು ಹೆಂಗೆ ಬರ್ಲಿ ಅಂತಿದ್ದೆ," ಎಂದಳು. "ನಿಮ್ಮ ಭಾವ ಹೋದ್ಮೇಲೆ ಅದೊಂದೇ ನನ್ನ ಮಾತು. ಈಗ ಯಾರಾದ್ರೂ ಕರೆದ್ರೆ ಏನು ಹೇಳ್ಲಿ?"

ಹೋಗುವಾಗ ಬಾಗಿಲ ಹತ್ತಿರ, ಬಸ್ಸಿನಲ್ಲಿ ಒಂದು ಸೀಟು ಹಿಡಿಯಲೇ ಎಂದು ಕೇಳಿದೆ. "ನೋಡೋಣ" ಎಂದಳು. ಬರುವುದಿಲ್ಲ ಎಂದುಕೊಂಡೇ ಮೆಟ್ಟಿಲಿಳಿದೆ. ಆದರೂ ಹುಡುಗಿ ಒಂದು ಸೀಟನ್ನು ಖಾಲಿ ಬಿಡಿಸಿದಳು.

ಹೊರಡುವ ದಿನ ಬೆಳಿಗ್ಗೆ ಅಕ್ಕ ಬಸ್ಸಿನ ಹತ್ತಿರ ಬಂದಳು. ಅವನೇ ಕರೆತಂದು ಬಿಟ್ಟ. ಚೀಲವನ್ನು ಮೇಲಿಟ್ಟು, ಕಿಟಕಿಯ ಹತ್ತಿರ ಅವಳನ್ನು ಕೂರಿಸಿ, ಕೆಳಗಿಳಿದು, ಡ್ಯೂಟಿಗೆ ಹೊತ್ತಾಯಿತೆಂದು ತಿರುಗಿಯೂ ನೋಡದೆ ಹೋದ. ಅಕ್ಕ ದಾರಿಯುದ್ದಕ್ಕೂ ಎಡಗೈಯನ್ನು ಪಕ್ಕದ ಸೀಟಿನ ಅಂಚಿಗೆ ಇಟ್ಟುಕೊಂಡೇ ಇದ್ದಳು. ಪಕ್ಕದಲ್ಲಿ ಕೂತಿದ್ದವಳು ನಾನು. ಆ ಕೈ ನನಗಾಗಿ ಚಾಚಿದ್ದಲ್ಲ ಎಂದು ಗೊತ್ತಿದ್ದರೂ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ತೋಟ ಚೆನ್ನಾಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ. ಬಳ್ಳಿಗಳ ಸಾಲು ಕೆಳಗಿನ ಕಣಿವೆಯವರೆಗೂ ಇಳಿದಿತ್ತು. ಎಷ್ಟು ಹೇಳಿದರೂ ಚೂಪು ಚಪ್ಪಲಿ ಹಾಕಿಕೊಂಡು ಬಂದವರು ಹುಲ್ಲಿನಲ್ಲಿ ಕೊಕ್ಕರೆಗಳಂತೆ ಕಾಲೆತ್ತಿ ನಡೆಯುತ್ತಿದ್ದರು. ಹುಡುಗಿ ಮದುವೆಯ ಬಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ದೊಡ್ಡಮ್ಮನ ಹತ್ತಿರ ಬಂದು ತಬ್ಬಿಕೊಂಡಳು. ನಡುವಿನವಳು ಅಕ್ಕನ ಎದುರು ಬಂದು ನಿಂತು, ಅವಳ ಶಾಲನ್ನು ಸರಿಮಾಡಿದಳು. ಅಕ್ಕ ಅವಳ ಕೈಗೆ ಒಂದು ಪೆಟ್ಟು ಕೊಟ್ಟಳು, ಚಿಕ್ಕಂದಿನಲ್ಲಿ ಕೊಡುತ್ತಿದ್ದ ಹಾಗೆ, ಸ್ವಲ್ಪ ಜೋರಾಗಿಯೇ. ಆಮೇಲೆ ಇಬ್ಬರೂ ಒಂದೇ ಮೇಜಿಗೆ ಕೂತರು.

ಊಟದ ಹೊತ್ತಿಗೆ ಸೋದರಮಾವ ಕೋಲೂರಿಕೊಂಡು ನಮ್ಮ ಮೇಜಿಗೆ ಬಂದ. ಹಿಂದೆ ಅವನ ಐವತ್ತರ ಮಗ. ಮಾವ ಮೇಜಿನ ಸುತ್ತ ಒಂದು ಸಲ ನೋಡಿದ, ಮೇಜಿನ ಕೆಳಗೂ ಬಗ್ಗಿ ನೋಡಿದ.

"ಏನಮ್ಮಾ, ಮಗು ಎಲ್ಲಿ? ಅದನ್ನೊಂದನ್ನೇ ಬಿಟ್ಟು ಬಂದ್ಬಿಟ್ಯಾ? ಪಾಪ, ಅದಕ್ಕೆ ಗೊತ್ತಾಗಲ್ಲ ಅಂತ ಹೀಗಾ ಮಾಡೋದು?"

ಅವನ ದನಿ ನಾಲ್ಕು ಮೇಜಿಗೆ ಕೇಳಿಸಿತು. ಜನ ತಿರುಗಿ ನೋಡಿದರು. ಅಕ್ಕನ ಬಾಯಿ ತೆರೆಯಿತು, ಮಾತು ಬರಲಿಲ್ಲ. ನಡುವಿನವಳು ಉತ್ತರ ಕೊಡಲು ಮುಂದೆ ಬಾಗಿದಳು. ಮೇಜಿನಡಿ ನಾನು ಅವಳ ಮಣಿಕಟ್ಟನ್ನು ಹಿಡಿದೆ. ಇಬ್ಬರೂ ಸುಮ್ಮನೆ ಕಾದೆವು.

"ಬಿಟ್ಟು ಬಂದಿಲ್ಲ ಮಾವ," ಎಂದಳು ಅಕ್ಕ, ಹೊಸ ಚಪ್ಪಲಿಯಲ್ಲಿ ನಡೆಯುವವಳ ಹಾಗೆ ಒಂದೊಂದೇ ಪದ ಇಡುತ್ತ. "ಕರೆದ್ವಿ. ನನ್ನ ಮಗ ಬರಲ್ಲ ಅಂದ."

ಅಂತು ಎನ್ನಲಿಲ್ಲ. ಅಂದ ಎಂದಳು.